ಬೆಕ್ಕಿನ ಭತ್ಯೆ

1868ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಅಂಚೆ ಇಲಾಖೆಯ ಮನಿಯಾರ್ಡರ್ ಕಚೇರಿಯ ಮುಖ್ಯಸ್ಥರು ತಮ್ಮ ಮೇಲಧಿಕಾರಿಗೆ ಒಂದು ಕೋರಿಕೆಯನ್ನು ಸಲ್ಲಿಸಿದರು. ಕಚೇರಿಯಲ್ಲಿ ಇಲಿಗಳ ಕಾಟ ಮಿತಿಮೀರಿದೆ, ಮೂರು ಬೆಕ್ಕುಗಳನ್ನು ಇಟ್ಟುಕೊಳ್ಳಲು ಅನುಮತಿ ಬೇಕು, ಅವುಗಳ ಪೋಷಣೆಗೆ ವಾರಕ್ಕೆ ಎರಡು ಶಿಲ್ಲಿಂಗ್ ಮಂಜೂರಾಗಬೇಕು ಎಂಬುದು ಅದರ ಸಾರಾಂಶ. ಇಲಾಖೆಯ ಕಾರ್ಯದರ್ಶಿಗಳ ಕಡೆಯಿಂದ ಬಂದ ಉತ್ತರವು ಕಡತದಲ್ಲಿ ಉಳಿದಿದೆ. ಮೂರು ಬೆಕ್ಕುಗಳನ್ನು ಪರೀಕ್ಷಾವಧಿಯ ಮೇಲೆ ತೆಗೆದುಕೊಳ್ಳಬಹುದು. ಅವು ಹೆಣ್ಣಾಗಿರುವುದು ಲೇಸು. ಅವುಗಳಿಗೆ ಅತಿಯಾಗಿ ಉಣಿಸದಿರುವುದು ಮುಖ್ಯ, ಆದ್ದರಿಂದ ವಾರಕ್ಕೆ ಒಂದು ಶಿಲ್ಲಿಂಗಿಗಿಂತ ಹೆಚ್ಚು ಕೊಡಲಾಗದು. ಸಂಬಳದ ಉಳಿದ ಭಾಗವನ್ನು ಅವು ಇಲಿಗಳ ಮೂಲಕವೇ ಗಳಿಸಿಕೊಳ್ಳಬೇಕು. ಆರು ತಿಂಗಳಲ್ಲಿ ಇಲಿಗಳ ಸಂಖ್ಯೆ ಇಳಿಯದಿದ್ದರೆ ಭತ್ಯೆಯಲ್ಲಿ ಇನ್ನಷ್ಟು ಕಡಿತವಾಗುವುದು.

ಸರ್ಕಾರಿ ಕಚೇರಿಯ ಟಿಪ್ಪಣಿಗಳ ನಡುವೆಯೇ ಬದುಕಿನ ಅರ್ಧವನ್ನು ಕಳೆದ ನಮ್ಮಂಥವರಿಗೆ ಈ ಕಡತದ ಧಾಟಿ ಹೊಸದೇನಲ್ಲ. ಕೇಳಿದ್ದರ ಅರ್ಧ ಮಂಜೂರು, ಜೊತೆಗೆ ಷರತ್ತು, ಕೊನೆಯಲ್ಲಿ ಒಂದು ಎಚ್ಚರಿಕೆ. ಮನಿಯಾರ್ಡರಿನ ನೆನಪೂ ನಮಗೆ ಹತ್ತಿರದ್ದೇ. ನಮ್ಮ ದೇಶದಲ್ಲಿ ಅಂಚೆ ಇಲಾಖೆ 1880ರಲ್ಲಿ ಮನಿಯಾರ್ಡರ್ ಸೇವೆಯನ್ನು ವಹಿಸಿಕೊಂಡ ಮೇಲೆ, ಮುಂಬಯಿಯ ಹೋಟೆಲುಗಳಲ್ಲಿ ದುಡಿದ ಎಷ್ಟೋ ತಲೆಮಾರಿನವರು ಕರಾವಳಿಯ ಮನೆಗಳಿಗೆ ಹಣ ಕಳುಹಿಸಿದ್ದು ಆ ಕಾಗದದ ಮೇಲೆಯೇ. ಅಂಥ ಕಾಗದವನ್ನು ಕಾಯಲು ಬೆಕ್ಕು ಬೇಕಾಯಿತು ಎಂಬುದು ಸಹಜ. ನಮ್ಮ ಗಮನವನ್ನು ಹಿಡಿದು ನಿಲ್ಲಿಸುವುದು ಕಡತದೊಳಗಿನ ಇನ್ನೊಂದು ಪ್ರಶ್ನೆ: ಬೆಕ್ಕಿಗೆ ಎಷ್ಟು ಕೊಡಬೇಕು?

ನೂರೈವತ್ತು ವರ್ಷಗಳ ಬಳಿಕ ಆ ಪ್ರಶ್ನೆ ಕಚೇರಿಯನ್ನು ಬಿಟ್ಟು ಮನೆಗೆ ಬಂದಿದೆ. ಪುಣೆಯ ಮೂರನೆಯ ಮಹಡಿಯಲ್ಲಿ, ಚೆನ್ನೈಯ ಬಾಡಿಗೆ ಮನೆಯಲ್ಲಿ, ದೆಹಲಿಯ ಸರ್ಕಾರಿ ವಸತಿಗೃಹದಲ್ಲಿ ಸೋಫಾದ ಮೇಲೆ ಮಲಗಿರುವ ಆರೇಳು ಕಿಲೋ ತೂಕದ ಬೆಕ್ಕುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಸಾಧಾರಣ ಮೈಕಟ್ಟಿನ ಬೆಳೆದ ಬೆಕ್ಕಿನ ತೂಕ ನಾಲ್ಕರಿಂದ ಐದು ಕಿಲೋ. ಅದಕ್ಕಿಂತ ಒಂದೂವರೆ ಕಿಲೋ ಹೆಚ್ಚಾಯಿತೆಂದರೆ, ಅರವತ್ತು ಕಿಲೋ ತೂಗಬೇಕಾದ ಮನುಷ್ಯ ಎಂಬತ್ತು ದಾಟಿದಂತೆ. ಅಂಥ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ಹಲವು ಪಟ್ಟು ಹೆಚ್ಚು. ಕೀಲುಗಳು ಬೇಗ ಸವೆಯುತ್ತವೆ. ಬೆನ್ನಿನ ತುದಿಯನ್ನು ನೆಕ್ಕಿ ಶುಚಿಮಾಡಿಕೊಳ್ಳುವುದೂ ಅದಕ್ಕೆ ಕಷ್ಟವಾಗುತ್ತದೆ. ಇಳಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಹೇಗೆ ಇಳಿಸಬೇಕು ಎಂಬಲ್ಲಿ ಮಾತ್ರ, 1868ರ ಅಧಿಕಾರಿ ನಂಬಿದ್ದ ಸೂತ್ರವೇ ಇಂದಿಗೂ ಅನೇಕರ ನಾಲಿಗೆಯ ಮೇಲಿದೆ: ಎರಡು ದಿನ ಹಾಕಬೇಡಿ, ತಾನೇ ಸರಿಹೋಗುತ್ತದೆ. ಈ ಸೂತ್ರ ಬೆಕ್ಕಿನ ಪ್ರಾಣಕ್ಕೇ ಎರವಾಗಬಲ್ಲದು. ಏಕೆಂದು ತಿಳಿಯಲು ಬೆಕ್ಕು ಮನುಷ್ಯನ ಬಳಿಗೆ ಬಂದ ದಾರಿಯನ್ನು ಹಿಂದಿರುಗಿ ನೋಡಬೇಕು.

ಪಶ್ಚಿಮ ಏಷ್ಯಾದಲ್ಲಿ ಮನುಷ್ಯರು ಧಾನ್ಯ ಬೆಳೆದು ಕೂಡಿಡತೊಡಗಿದಾಗ ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಕಾಡುಬೆಕ್ಕು ಬಂತು. ಇಂದಿನ ಸಾಕುಬೆಕ್ಕುಗಳೆಲ್ಲ ಆ ಸೀಮೆಯ ಕಾಡುಬೆಕ್ಕಿನ ಸಂತತಿ ಎಂಬುದನ್ನು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿಕೊಟ್ಟಿತು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೋಸ್ ಎಂಬಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಸಮಾಧಿ ಸಿಕ್ಕಿದೆ. ಮನುಷ್ಯನ ಅಸ್ಥಿಯಿಂದ ಕೇವಲ 40 ಸೆಂಟಿಮೀಟರ್ ದೂರದಲ್ಲಿ ಎಂಟು ತಿಂಗಳ ಪ್ರಾಯದ ಬೆಕ್ಕಿನ ಅಸ್ಥಿಯಿದೆ. ದ್ವೀಪಕ್ಕೆ ಬೆಕ್ಕು ತಾನಾಗಿ ಈಜಿ ಬರುವುದಿಲ್ಲ. ಯಾರೋ ದೋಣಿಯಲ್ಲಿ ಕರೆತಂದಿರಬೇಕು. ಸಿಂಧೂ ನಾಗರಿಕತೆಯ ಚಾನ್ಹುದಾರೋದಲ್ಲಿ ಸಿಕ್ಕ ಒಂದು ಇಟ್ಟಿಗೆಯ ಮೇಲೆ ಬೆಕ್ಕಿನ ಹೆಜ್ಜೆ, ಅದರ ಬೆನ್ನಿಗೇ ನಾಯಿಯ ಹೆಜ್ಜೆ ಮೂಡಿವೆ. ಹಸಿ ಇಟ್ಟಿಗೆಯನ್ನು ಒಣಗಲಿಟ್ಟ ಆ ಅಂಗಳದಲ್ಲಿ ಅಂದು ನಡೆದ ಓಟವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಈ ಒಡನಾಟದಲ್ಲಿ ಒಂದು ವೈಶಿಷ್ಟ್ಯವಿದೆ. ನಾಯಿ ಮನುಷ್ಯನ ಎಂಜಲನ್ನು ತಿನ್ನುತ್ತ ಮನುಷ್ಯನಂತೆಯೇ ಪಿಷ್ಟವನ್ನು ಅರಗಿಸಿಕೊಳ್ಳುವುದನ್ನು ಕಲಿಯಿತು. ಬೆಕ್ಕಿಗೆ ಅದು ಬೇಕಾಗಲಿಲ್ಲ. ಕಣಜದ ಬಾಗಿಲಿನಲ್ಲಿ ಕುಳಿತರೂ ಅದು ಧಾನ್ಯವನ್ನು ತಿನ್ನಲಿಲ್ಲ, ಧಾನ್ಯವನ್ನು ತಿಂದ ಇಲಿಯನ್ನು ತಿಂದಿತು. ಒಂದು ಇಲಿಯಲ್ಲಿ ಸಿಗುವುದು ಸುಮಾರು 30 ಕಿಲೋಕ್ಯಾಲೊರಿ. ದಿನಕ್ಕೆ ಎಂಟು ಹತ್ತು ಸಲ ಹೊಂಚು ಹಾಕಿ, ಹಾರಿ, ಹಿಡಿದು, ತುಸು ತುಸುವೇ ತಿನ್ನುವುದು ಅದರ ಮೈಗೆ ಒಗ್ಗಿದ ಕ್ರಮ. ಆ ಊಟದಲ್ಲಿ ಹೆಚ್ಚಿನ ಪಾಲು ಪ್ರೋಟೀನು, ಸ್ವಲ್ಪ ಕೊಬ್ಬು, ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಸಾವಿರಾರು ವರ್ಷ ಮನೆಯಲ್ಲಿದ್ದರೂ ಅದರ ಒಡಲು ಕಾಡಿನ ಲೆಕ್ಕವನ್ನೇ ಇಟ್ಟುಕೊಂಡಿದೆ. ಸಿಹಿಯನ್ನು ಗುರುತಿಸುವ ಶಕ್ತಿಯೇ ಬೆಕ್ಕಿನ ನಾಲಿಗೆಗೆ ಇಲ್ಲವೆಂಬುದು 2005ರಲ್ಲಿ ತಿಳಿಯಿತು. ಸಿಹಿ ಹಣ್ಣನ್ನು ಹುಡುಕಬೇಕಾದ ಪ್ರಮೇಯವೇ ಇಲ್ಲದ ಪ್ರಾಣಿಗೆ ಅದರ ಅಗತ್ಯವೂ ಇರಲಿಲ್ಲ.

ಆದರೆ ಮನುಷ್ಯನ ಕೈ ಸುಮ್ಮನಿರುವುದಿಲ್ಲ. ಈಜಿಪ್ಟಿನ ಥೀಬ್ಸ್‌ನಲ್ಲಿ ನಖ್ತ್ ಎಂಬವನ ಸಮಾಧಿಯ ಗೋಡೆಯ ಮೇಲೆ ಸುಮಾರು 3,400 ವರ್ಷಗಳ ಹಿಂದಿನ ಚಿತ್ರವೊಂದಿದೆ: ಆಸನದ ಕೆಳಗೆ ಕುಳಿತ ಬೆಕ್ಕು ಮೀನೊಂದನ್ನು ಮೆಲ್ಲುತ್ತಿದೆ. ಮೇಲೆ ಯಜಮಾನರ ಊಟ, ಕೆಳಗೆ ಬೆಕ್ಕಿನ ಪಾಲು. ಈ ದೃಶ್ಯ ನಮ್ಮ ಯಾವ ಊಟದ ಮನೆಯದ್ದೂ ಆಗಬಹುದು. ಹೊಟ್ಟೆಗಾಗಿ ಇಲಿ, ಪ್ರೀತಿಗಾಗಿ ತುತ್ತು ಎಂಬ ಎರಡು ಖಾತೆಗಳು ಅಷ್ಟು ಹಳೆಯವು.

ನಮ್ಮ ಪರಂಪರೆಯು ಬೆಕ್ಕಿನ ಸ್ಥೂಲತೆಯನ್ನು ಬೇರೊಂದು ಕಣ್ಣಿನಿಂದ ನೋಡಿತು. ಮಹಾಭಾರತದ ಉದ್ಯೋಗಪರ್ವದಲ್ಲಿ ದುರ್ಯೋಧನನು ಉಲೂಕನ ಮೂಲಕ ಪಾಂಡವರಿಗೆ ಕಳುಹಿಸುವ ನಿಂದೆಯ ಸಂದೇಶದೊಳಗೆ ಒಂದು ಬೆಕ್ಕಿನ ಕಥೆಯಿದೆ. ಗಂಗಾತೀರದಲ್ಲಿ ಕೈಗಳನ್ನು ಮೇಲೆತ್ತಿ ತಪಸ್ಸಿಗೆ ನಿಂತ ಬೆಕ್ಕನ್ನು ಇಲಿಗಳು ನಂಬಿ ತಮ್ಮ ರಕ್ಷಣೆಯ ಭಾರವನ್ನು ಒಪ್ಪಿಸುತ್ತವೆ. ದಿನ ಕಳೆದಂತೆ ಇಲಿಗಳ ಸಂಖ್ಯೆ ಇಳಿಯುತ್ತದೆ, ತಪಸ್ವಿಯ ಮೈ ಏರುತ್ತದೆ. ಮುದಿ ಇಲಿಯೊಂದು ಆ ಮೈಯನ್ನೂ ಮಲವನ್ನೂ ಪರೀಕ್ಷಿಸಿ, ಗೆಡ್ಡೆಗೆಣಸು ತಿನ್ನುವವರ ಲಕ್ಷಣ ಇದಲ್ಲವೆಂದು ತೀರ್ಪು ಕೊಡುತ್ತದೆ. ಮಾಮಲ್ಲಪುರದಲ್ಲಿ ಅರ್ಜುನನ ತಪಸ್ಸು ಎಂದು ಹೆಸರಾದ, ಏಳನೆಯ ಶತಮಾನದ ಬಂಡೆಯ ಮೇಲೆ ಅಂಥದ್ದೇ ಬೆಕ್ಕೊಂದು ಮುಂಗಾಲೆತ್ತಿ ನಿಂತಿರುವುದನ್ನು ನಮ್ಮ ಚೆನ್ನೈಯ ಓದುಗರು ಭಾನುವಾರದ ಪ್ರವಾಸಗಳಲ್ಲಿ ಕಂಡೇ ಇರುತ್ತಾರೆ. ಕಪಟ ವ್ರತಕ್ಕೆ ಧರ್ಮಶಾಸ್ತ್ರಗಳು ಕೊಟ್ಟ ಹೆಸರೂ ಬೈಡಾಲವ್ರತ, ಎಂದರೆ ಬೆಕ್ಕಿನ ವ್ರತ. ಈ ಕಥೆಗಳಲ್ಲಿ ಬೆಕ್ಕಿನ ಮೈ ಎಂದರೆ ಕಳವಿನ ಸಾಕ್ಷ್ಯ; ಉಪವಾಸವನ್ನು ನಿಜವಾಗಿ ಮಾಡಿದ್ದರೆ ಅದು ಸಾಧುವಾಗುತ್ತಿತ್ತು ಎಂಬ ಧ್ವನಿ.

ಜನರ ಬಾಯಲ್ಲಿ ಬೆಳೆದ ತೆನಾಲಿ ರಾಮಕೃಷ್ಣನ ಕಥೆಯೂ ಅದೇ ಸಾಲಿನದು. ಇಲಿಗಳ ಹಾವಳಿಗೆಂದು ಕೃಷ್ಣದೇವರಾಯನು ಮನೆಗೊಂದು ಬೆಕ್ಕನ್ನೂ ಅದರ ಹಾಲಿಗೊಂದು ಹಸುವನ್ನೂ ಕೊಡುತ್ತಾನೆ. ಉಳಿದವರ ಬೆಕ್ಕುಗಳು ಕೊಬ್ಬಿದರೆ ರಾಮಕೃಷ್ಣನ ಬೆಕ್ಕು ಬಡಕಲಾಗಿರುತ್ತದೆ. ಮೊದಲ ದಿನವೇ ಕುದಿಯುವ ಹಾಲಿಟ್ಟು ನಾಲಿಗೆ ಸುಡಿಸಿದ್ದರಿಂದ ಅದು ಹಾಲನ್ನು ಕಂಡರೆ ಓಡುತ್ತದೆ, ಹಾಲು ಮನೆಯವರಿಗೆ ಉಳಿಯುತ್ತದೆ. ನಾವು ನಕ್ಕ ಕಥೆ ಇದು. ಬೆಕ್ಕಿನ ಪಕ್ಷದಿಂದ ಇದನ್ನು ಯಾರೂ ಹೇಳಿಲ್ಲ. ಆದರೂ ಇದರಲ್ಲಿ ಒಂದು ಸಾಮಾನ್ಯ ತಿಳಿವಳಿಕೆ ಅಡಗಿದೆ: ಇಲಿಗಾಗಿ ತಂದ ಬೆಕ್ಕಿಗೆ ಹಾಲಿನ ಭತ್ಯೆ ನಿಂತು ಹೋಗದಂತೆ ಬರತೊಡಗಿದರೆ ಅದು ಉಬ್ಬುತ್ತದೆ.

ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದ ಇನ್ನೊಂದು ಬೆಕ್ಕು ಹದಿನೆಂಟನೆಯ ಶತಮಾನದ್ದು. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ನರು ತಮ್ಮ ಹಾಡ್ಜ್ ಎಂಬ ಬೆಕ್ಕಿಗೆ ಸಿಂಪಿಗಳನ್ನು ತಾವೇ ಹೋಗಿ ಕೊಂಡು ತರುತ್ತಿದ್ದರೆಂದು ಅವರ ಜೀವನಚರಿತ್ರೆಯನ್ನು ಬರೆದ ಬಾಸ್ವೆಲ್ ದಾಖಲಿಸಿದ್ದಾರೆ. ಆಳುಗಳಿಗೆ ಆ ಕೆಲಸವನ್ನು ಹಚ್ಚಿದರೆ ಅವರು ಬೇಸತ್ತು ಬೆಕ್ಕನ್ನೇ ದ್ವೇಷಿಸಬಹುದು ಎಂಬುದು ಜಾನ್ಸನ್ನರ ಆತಂಕ. ಪ್ರೀತಿಯಿದ್ದಲ್ಲಿ ತುತ್ತು ಕೊಡುವ ಕೈ ಒಂದೇ ಆಗಿರಬೇಕು ಎಂಬ ವಿವೇಕ ಇಲ್ಲಿ ಅರಿಯದೆಯೇ ಸೇರಿಕೊಂಡಿದೆ. ಮುಂದಿನ ಶತಮಾನದ ಲಂಡನ್ನಿನಲ್ಲಿ ಕುದುರೆ ಮಾಂಸದ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಬೀದಿ ಬೀದಿಗೆ ಹೊತ್ತು ಮಾರುವ ಒಂದು ವೃತ್ತಿಯೇ ಹುಟ್ಟಿತು. ಬೆಕ್ಕಿನ ಊಟ ದುಡ್ಡು ಕೊಟ್ಟು ಕೊಳ್ಳುವ ಸರಕಾಯಿತು.

ಈ ಹಿನ್ನೆಲೆಯಲ್ಲಿ 1868ರ ಆದೇಶವನ್ನು ಮತ್ತೆ ಓದಬಹುದು. ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯುವುದಿಲ್ಲ ಎಂಬುದು ಅದರ ಆಧಾರ. ಇದು ಅರ್ಧ ಸತ್ಯ. ಬೇಟೆಯ ಹಂಬಲ ಬೆಕ್ಕಿಗೆ ಹಸಿವಿನಿಂದಷ್ಟೇ ಹುಟ್ಟುವುದಿಲ್ಲ. ತಿನ್ನುತ್ತಿರುವ ಊಟವನ್ನು ಬಿಟ್ಟು ಎದ್ದು ಇಲಿಯನ್ನು ಕೊಲ್ಲುವ ಬೆಕ್ಕುಗಳಿವೆ. ಆದರೂ ಅಧಿಕಾರಿಯ ಷರತ್ತಿನಲ್ಲಿ ಒಂದು ಗುಣವಿತ್ತು: ಅದರಲ್ಲಿ ಅಳತೆ ಇತ್ತು.

1929ರಲ್ಲಿ ಬ್ರಿಟನ್ನಿನ ಗೃಹ ಇಲಾಖೆಯ ಕಚೇರಿಯಲ್ಲಿ ಪೀಟರ್ ಎಂಬ ಕಪ್ಪು ಬೆಕ್ಕಿತ್ತು. ಕಂಡಕಂಡ ನೌಕರರೆಲ್ಲ ತಮ್ಮ ತಿಂಡಿಯಲ್ಲಿ ಒಂದು ಪಾಲನ್ನು ಅದಕ್ಕೆ ಹಾಕುತ್ತಿದ್ದರು. ಇಲಿಗಳ ಕಡೆಗೆ ಅದರ ಗಮನ ಇಳಿಯಿತು. ಇನ್ನು ಮೇಲೆ ಯಾರೂ ಬೆಕ್ಕಿಗೆ ತಿನ್ನಿಸಕೂಡದೆಂಬ ಸೂಚನೆ ಹೊರಟಿತು. ಎಲ್ಲರೂ ನಿಲ್ಲಿಸಿದರೆ ಅದು ಬದುಕುವುದು ಹೇಗೆ ಎಂಬ ಪ್ರಶ್ನೆಯೂ ಒಡನೆಯೇ ಎದ್ದಿತು. ಕಡತ ನಡೆದು, ದಕ್ಷ ಕಚೇರಿ ಬೆಕ್ಕೊಂದರ ಪೋಷಣೆಗಾಗಿ ದಿನಕ್ಕೆ ಒಂದು ಪೆನ್ನಿಯನ್ನು ಸಾದಿಲ್ವಾರು ಹಣದಿಂದ ಕಚೇರಿಯ ಪಾಲಕನಿಗೆ ಕೊಡಲು ಆಕ್ಷೇಪವಿಲ್ಲವೆಂದು ಖಜಾನೆ ಒಪ್ಪಿಗೆ ನೀಡಿತು. ಆಡಳಿತದ ಚರಿತ್ರೆಯಲ್ಲಿ ಇದೊಂದು ನಗೆಯ ಪ್ರಸಂಗವೆಂದೇ ಉಲ್ಲೇಖಗೊಳ್ಳುತ್ತ ಬಂದಿದೆ. ನಮ್ಮ ಓದಿನಲ್ಲಿ ಇದು ಬೆಕ್ಕಿನ ತೂಕದ ಬಗ್ಗೆ ಬರೆಯಲಾದ ಅತ್ಯಂತ ವಿವೇಕಯುತ ಟಿಪ್ಪಣಿಗಳಲ್ಲಿ ಒಂದು. ಹಲವು ಕೈಗಳನ್ನು ನಿಲ್ಲಿಸಿ, ಒಂದು ಕೈಗೆ ಹೊಣೆ ಒಪ್ಪಿಸಿ, ದಿನದ ಅಳತೆಯನ್ನು ಗೊತ್ತುಮಾಡಿ, ಪೂರ್ತಿ ನಿಲ್ಲಿಸದೆ ಮುಂದುವರಿಸಿದ ಕ್ರಮವದು. ಇಂದು ಪಶುವೈದ್ಯರು ಹೇಳುವುದೂ ಬಹುಮಟ್ಟಿಗೆ ಇದನ್ನೇ.

ಆ ಟಿಪ್ಪಣಿಯ ವಿವೇಕ ಅಂಚೆ ಇಲಾಖೆಯ ಪ್ರಧಾನ ಕಚೇರಿಯವರೆಗೆ ತಲುಪಲಿಲ್ಲವೆಂದು ತೋರುತ್ತದೆ. 1950ರಲ್ಲಿ ಹುಟ್ಟಿದ ಟಿಬ್ಸ್ ಎಂಬ ಬೆಕ್ಕು ಅಲ್ಲಿ ಹದಿನಾಲ್ಕು ವರ್ಷ ಸೇವೆ ಸಲ್ಲಿಸಿತು. ಅದರ ವಾಸ ನೌಕರರ ಭೋಜನಶಾಲೆಯಲ್ಲಿ. ಅದರ ತೂಕ 23 ಪೌಂಡು, ಎಂದರೆ ಹತ್ತು ಕಿಲೋವನ್ನು ಮೀರಿತ್ತು. ಕಚೇರಿಯನ್ನು ಇಲಿಗಳಿಂದ ಕಾಪಾಡಿತೆಂಬ ಕೀರ್ತಿ ಅದಕ್ಕೆ ಉಳಿದಿದೆ; ‘ಮಹಾನ್ ಟಿಬ್ಸ್’ ಎಂದೇ ಅದನ್ನು ಕರೆಯುತ್ತಿದ್ದರು. 1868ರ ಷರತ್ತಿನಿಂದ ಹತ್ತು ಕಿಲೋವಿನವರೆಗಿನ ಈ ಏರಿಕೆಗೆ ಕಾರಣವನ್ನು ಭತ್ಯೆಯ ಲೆಕ್ಕದಲ್ಲಿ ಹುಡುಕಿದರೆ ಸಿಗದು. ಊಟದ ಮೇಜಿನ ಕೆಳಗೆ ಕೈಗಳ ಲೆಕ್ಕ ಇಟ್ಟವರಿಲ್ಲ. ಅಂಚೆಯ ಪ್ರಧಾನ ಕಚೇರಿಯ ಕೊನೆಯ ಬೆಕ್ಕಾದ ಬ್ಲ್ಯಾಕಿ 1984ರಲ್ಲಿ ಸತ್ತಿತು. ಅಷ್ಟರಲ್ಲಿ ಇಲಿಗಳಿಗೆ ಪ್ರಿಯವಾದ ಬಟ್ಟೆಯ ಟಪಾಲು ಚೀಲಗಳ ಜಾಗಕ್ಕೆ ಪ್ಲಾಸ್ಟಿಕ್ ಚೀಲಗಳು ಬಂದಿದ್ದವು. ಹುದ್ದೆ ರದ್ದಾಯಿತು.

ಕಚೇರಿಯಲ್ಲಿ ಕೆಲಸ ಕಳೆದುಕೊಳ್ಳುತ್ತಿದ್ದ ಅದೇ ದಶಕಗಳಲ್ಲಿ ಬೆಕ್ಕು ಮನೆಯೊಳಗೆ ಪೂರ್ತಿಯಾಗಿ ನೆಲೆಸಿತು. 1947ರಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ ಎಡ್ವರ್ಡ್ ಲೋ ಎಂಬವರು ಹೀರುವ ಗುಣದ ಜೇಡಿಯ ಹರಳುಗಳನ್ನು ಬೆಕ್ಕಿನ ಮಲಮೂತ್ರದ ತಟ್ಟೆಗೆಂದು ಮಾರತೊಡಗಿದ ಮೇಲೆ, ಬೆಕ್ಕು ಹೊರಗೆ ಹೋಗಲೇಬೇಕಾದ ಕೊನೆಯ ಕಾರಣವೂ ಇಲ್ಲವಾಯಿತು. 1950ರ ದಶಕದ ಉತ್ತರಾರ್ಧದಲ್ಲಿ ಹಿಟ್ಟನ್ನು ಕಾವು ಮತ್ತು ಒತ್ತಡದಿಂದ ಉಬ್ಬಿಸಿ ಗರಿಗರಿಯಾದ ಕಾಳಾಗಿಸುವ ಯಂತ್ರವಿಧಾನವು ಮೊದಲು ನಾಯಿಯ ಆಹಾರಕ್ಕೂ ಆಮೇಲೆ ಬೆಕ್ಕಿನ ಆಹಾರಕ್ಕೂ ಬಳಕೆಯಾಯಿತು. ಕೆಡದ ಈ ಒಣ ಆಹಾರವನ್ನು ಬಟ್ಟಲು ತುಂಬ ಸುರಿದಿಟ್ಟು ಮನೆಯವರು ಕೆಲಸಕ್ಕೆ ಹೋಗಬಹುದಾಯಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಸಾಮಾನ್ಯವಾಯಿತು. ಅದು ಬೇಕಾದದ್ದೇ, ಆದರೆ ಆ ಬಳಿಕ ಬೆಕ್ಕಿಗೆ ಬೇಕಾಗುವ ಶಕ್ತಿ ಗಣನೀಯವಾಗಿ ಇಳಿಯುತ್ತದೆ, ಹಸಿವು ಮಾತ್ರ ಏರುತ್ತದೆ. ಹೊಂಚು ಹಾಕುವ ಅಂಗಳವಿಲ್ಲ, ಹತ್ತಲು ಮಾಡಿಲ್ಲ, ಸದಾ ತುಂಬಿದ ಬಟ್ಟಲಿದೆ. ಇವೆಲ್ಲ ಒಟ್ಟು ಸೇರಿದಾಗ ಬೆಕ್ಕು ಉಬ್ಬುವುದು ಅದರ ದುರಾಸೆಯಿಂದ ಎನ್ನುವುದು ನ್ಯಾಯವಲ್ಲ.

ಮನೆಯೊಳಗೆ ಬಂದ ಬೆಕ್ಕಿನ ಒಡಲನ್ನು ವಿಜ್ಞಾನ ಅರಿತದ್ದು ತಡವಾಗಿ. 1975ರಲ್ಲಿ ಟಾರೀನ್ ಎಂಬ ಅಂಶದ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟ ನಾಶವಾಗುತ್ತದೆ ಎಂಬುದು ಪ್ರಕಟವಾಯಿತು. 1987ರಲ್ಲಿ ಅದೇ ಕೊರತೆ ಹೃದಯದ ಸ್ನಾಯುವನ್ನು ದುರ್ಬಲಗೊಳಿಸುತ್ತದೆ ಎಂಬುದು ತಿಳಿಯಿತು. ಟಾರೀನ್ ಮಾಂಸದಲ್ಲಿದೆ, ಅನ್ನದಲ್ಲಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಕ್ವಿಂಟನ್ ರಾಜರ್ಸ್, ಜೇಮ್ಸ್ ಮಾರಿಸ್ ಮತ್ತು ಅವರ ಸಂಗಡಿಗರು 1977ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು: ಪ್ರೋಟೀನು ಕಡಿಮೆ ಸಿಕ್ಕಾಗ ಇತರ ಪ್ರಾಣಿಗಳ ಯಕೃತ್ತು ಅದರ ಬಳಕೆಯನ್ನು ತಗ್ಗಿಸಿಕೊಳ್ಳುತ್ತದೆ, ಬೆಕ್ಕಿನ ಯಕೃತ್ತು ಹಾಗೆ ತಗ್ಗಿಸಿಕೊಳ್ಳಲಾರದು. ಬರಗಾಲದ ಆಯವ್ಯಯವೇ ಗೊತ್ತಿಲ್ಲದ ಸಂಸಾರದಂತೆ ಅದು ಬರವು ನಿಂತರೂ ಖರ್ಚನ್ನು ನಡೆಸುತ್ತದೆ.

ಈ ದಶಕದಲ್ಲೇ ಪಶುವೈದ್ಯರು ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಒಂದು ಬೇನೆಯನ್ನು ಗುರುತಿಸಿ ವರ್ಣಿಸಿದರು. ದಪ್ಪನಾದ ಬೆಕ್ಕೊಂದು ಯಾವುದೇ ಕಾರಣದಿಂದ ಕೆಲವು ದಿನ ಊಟ ಬಿಟ್ಟಿತೆನ್ನೋಣ. ಮನೆ ಬದಲಾದದ್ದು, ಯಜಮಾನರು ಊರಿಗೆ ಹೋದದ್ದು, ರುಚಿಸದ ಹೊಸ ಆಹಾರ, ತೂಕ ಇಳಿಸಲೆಂದು ಹಾಕದೇ ಇದ್ದದ್ದು, ಯಾವುದೂ ಆಗಬಹುದು. ಮೈಯಲ್ಲಿದ್ದ ಕೊಬ್ಬು ಕರಗಿ ರಾಶಿಯಾಗಿ ಯಕೃತ್ತಿಗೆ ಬರುತ್ತದೆ. ಅದನ್ನು ಮುಂದಕ್ಕೆ ಸಾಗಿಸಲು ಬೇಕಾದ ಪ್ರೋಟೀನು ಊಟವಿಲ್ಲದ್ದರಿಂದ ಒದಗುವುದಿಲ್ಲ. ಕೊಬ್ಬು ಅಲ್ಲೇ ನಿಲ್ಲುತ್ತದೆ, ಯಕೃತ್ತು ಕೆಲಸ ಬಿಡುತ್ತದೆ. ಕಣ್ಣು, ಒಸಡು, ಕಿವಿಯ ಒಳಭಾಗ ಹಳದಿಯಾಗುತ್ತವೆ. ವಾಂತಿ, ಜೊಲ್ಲು, ಸುಸ್ತು ಕಾಣಿಸುತ್ತವೆ. ಆಮೇಲೆ ಬೆಕ್ಕು ತಾನಾಗಿ ತಿನ್ನುವುದೇ ಇಲ್ಲ. ನಳಿಕೆಯ ಮೂಲಕ ವಾರಗಟ್ಟಲೆ ಆಹಾರ ಕೊಟ್ಟು ಉಳಿಸಿಕೊಳ್ಳಬೇಕಾಗುತ್ತದೆ, ತಡವಾದರೆ ಉಳಿಯುವುದಿಲ್ಲ. ಬೆಕ್ಕು ದಪ್ಪಗಿದ್ದಷ್ಟೂ ಅಪಾಯ ಹೆಚ್ಚು. ಏಕಾದಶಿಯ ನಾಡಿನವರಾದ ನಮಗೆ ಈ ಮಾತು ವಿಚಿತ್ರವಾಗಿ ಕೇಳಿಸೀತು. ಉಪವಾಸದಿಂದ ಒಡಲು ಹಗುರಾಗುತ್ತದೆ ಎಂಬುದು ನಮ್ಮ ಅನುಭವ. ಗಂಗಾತೀರದ ಆ ಬೆಕ್ಕು ತನ್ನ ವ್ರತವನ್ನು ಪ್ರಾಮಾಣಿಕವಾಗಿ ಆಚರಿಸಿದ್ದರೆ ಇಲಿಗಳಿಗಿಂತ ಮೊದಲು ತಾನೇ ಸಾಯುತ್ತಿತ್ತು.

ಹಾಗಾದರೆ ದಾರಿ ಯಾವುದು? ಮೊದಲ ಹೆಜ್ಜೆ ಪಶುವೈದ್ಯರ ಬಳಿಗೆ. ಬೊಜ್ಜಿನ ಹಿಂದೆ ಬೇರೆ ಕಾಯಿಲೆ ಇಲ್ಲವೆಂದು ತಿಳಿದು, ಇಳಿಸಬೇಕಾದ ತೂಕವನ್ನು ಅವರಿಂದಲೇ ಗೊತ್ತುಮಾಡಿಕೊಳ್ಳಬೇಕು. 1990ರ ದಶಕದಿಂದ ಬಳಕೆಯಲ್ಲಿರುವ ಒಂಬತ್ತು ಅಂಕಗಳ ಒಂದು ಮಾಪನವಿದೆ. ಐದು ಎಂದರೆ ಸರಿಯಾದ ಮೈಕಟ್ಟು. ಪಕ್ಕೆಯ ಮೇಲೆ ಅಂಗೈಯನ್ನು ಹಗುರವಾಗಿ ಸವರಿದಾಗ ಪಕ್ಕೆಲುಬುಗಳು ತಿಳಿಯಬೇಕು. ಮೇಲಿನಿಂದ ನೋಡಿದಾಗ ಸೊಂಟದ ಜಾಗ ಒಳಸರಿದಿರಬೇಕು. ಹೊಟ್ಟೆಯ ಕೆಳಗೆ ಸಡಿಲವಾಗಿ ತೂಗುವ ಚರ್ಮದ ಮಡಿಕೆ ತೆಳ್ಳನೆಯ ಬೆಕ್ಕಿಗೂ ಇರುತ್ತದೆ. ಅದನ್ನು ನೋಡಿ ಅಳುಕಬೇಕಿಲ್ಲ.

ಎರಡನೆಯದು ವೇಗ. ವಾರಕ್ಕೆ ಮೈತೂಕದ ಶೇ. 0.5ರಿಂದ 2ರವರೆಗೆ ಇಳಿದರೆ ಸಾಕು. ಆರು ಕಿಲೋ ಬೆಕ್ಕಿಗೆ ಇದು 30ರಿಂದ 120 ಗ್ರಾಂ. ವಾರಕ್ಕೆ ಶೇ. 1ರಂತೆ ಇಳಿದರೂ ಆರರಿಂದ ಐದು ಕಿಲೋಗೆ ಬರಲು ನಾಲ್ಕು ತಿಂಗಳಿಗೂ ಹೆಚ್ಚು ಬೇಕು. ಹೊರಗೆ ಹೋಗದ, ಸಂತಾನಹರಣವಾದ ಬೆಕ್ಕಿಗೆ ದಿನಕ್ಕೆ ಬೇಕಾದದ್ದು ಸುಮಾರು 200ರಿಂದ 250 ಕಿಲೋಕ್ಯಾಲೊರಿ. ಇಳಿಸುವಾಗ ವೈದ್ಯರು ಇನ್ನೂ ತುಸು ಕಡಿಮೆ ಹೇಳುತ್ತಾರೆ. ನೂರು ಗ್ರಾಂ ಒಣ ಆಹಾರದಲ್ಲಿ 350ರಿಂದ 400ರಷ್ಟಿರುತ್ತದೆ. ಹತ್ತು ಗ್ರಾಂ, ಎಂದರೆ ಒಂದು ಸಣ್ಣ ಹಿಡಿ, ಹೆಚ್ಚಾದರೂ ದಿನದ ಪಾಲಿನಲ್ಲಿ ಆರನೆಯ ಒಂದು ಭಾಗ ಮೀರಿದಂತೆ. ನೂರು ಮಿಲಿಲೀಟರ್ ಎಮ್ಮೆಯ ಹಾಲೆಂದರೆ ಹತ್ತಿರ ಹತ್ತಿರ ಅರ್ಧ ದಿನದ ಊಟ. ಅದೂ ಬೆಳೆದ ಅನೇಕ ಬೆಕ್ಕುಗಳಿಗೆ ಅರಗುವುದಿಲ್ಲ. ಆದ್ದರಿಂದ ಕೈಯಳತೆ, ಲೋಟದಳತೆ ಸಾಲದು. ಅಡುಗೆಮನೆಯ ತೂಕದ ಯಂತ್ರವೇ ಬೇಕು.

ಮೂರನೆಯದು, ಏನನ್ನು ಕಡಿಮೆ ಮಾಡಬೇಕು ಎಂಬುದು. ಈಗಿನ ಆಹಾರವನ್ನೇ ಅರ್ಧಕ್ಕೆ ಇಳಿಸಿದರೆ ಪ್ರೋಟೀನೂ ಟಾರೀನೂ ಅರ್ಧವಾಗುತ್ತವೆ. ತೂಕ ಇಳಿಸಲೆಂದೇ ತಯಾರಾದ, ಪ್ರೋಟೀನು ಹೆಚ್ಚಿರುವ ಆಹಾರವನ್ನು ವೈದ್ಯರು ಸೂಚಿಸಬಲ್ಲರು. ನೀರಿನಂಶವಿರುವ ಪೌಚಿನ ಆಹಾರ ಕಡಿಮೆ ಶಕ್ತಿಯಲ್ಲಿ ಹೊಟ್ಟೆ ತುಂಬಿಸುತ್ತದೆ. ಹೊಸದಕ್ಕೆ ಬದಲಾಯಿಸುವಾಗ ಹಳೆಯದರೊಂದಿಗೆ ಬೆರೆಸುತ್ತ ಏಳರಿಂದ ಹತ್ತು ದಿನ ತೆಗೆದುಕೊಳ್ಳಬೇಕು. ದಿನದ ಪಾಲನ್ನು ನಾಲ್ಕೈದು ಸಣ್ಣ ಊಟಗಳಾಗಿ ಹಂಚಿದರೆ ಇಲಿ ಹಿಡಿಯುತ್ತಿದ್ದ ಒಡಲಿಗೆ ಒಗ್ಗುತ್ತದೆ. ಒಂದಿಷ್ಟು ಕಾಳನ್ನು ಮನೆಯ ಮೂಲೆಗಳಲ್ಲಿ ಅಡಗಿಸಿಡುವುದು, ದಾರಕ್ಕೆ ಕಟ್ಟಿದ ಗರಿಯನ್ನು ಊಟಕ್ಕೆ ಮೊದಲು ಹತ್ತು ನಿಮಿಷ ಆಡಿಸುವುದು, ಅದರ ಬೇಟೆಯ ಹಂಬಲಕ್ಕೆ ಕೆಲಸ ಕೊಡುತ್ತವೆ. ಒಂದು ಇಡೀ ದಿನ ಬೆಕ್ಕು ಏನನ್ನೂ ಮುಟ್ಟದಿದ್ದರೆ ಯೋಜನೆಯನ್ನು ಬದಿಗಿಟ್ಟು ವೈದ್ಯರಿಗೆ ತಿಳಿಸಬೇಕು. ಹಸಿವಾದಾಗ ತಾನೇ ಬರುತ್ತದೆ ಎಂಬ ಮಾತು ಇಲ್ಲಿ ಸಲ್ಲದು. ನಮ್ಮ ಸಾರು ಪಲ್ಯಗಳಲ್ಲಿರುವ ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷವೆಂಬುದೂ ನೆನಪಿರಲಿ.

ಕೊನೆಯದು ಕೈಗಳ ಪ್ರಶ್ನೆ, ಎಲ್ಲಕ್ಕಿಂತ ಕಠಿಣವಾದದ್ದು. ನೌಕರಿಗಾಗಿ ಊರು ಬಿಟ್ಟವರ ಮನೆಗಳಲ್ಲಿ ಬೆಕ್ಕಿನ ಸ್ಥಾನ ಬರಿಯ ಸಾಕುಪ್ರಾಣಿಯದಲ್ಲ. ಗದಗಿನಿಂದಲೋ ಕುಂದಾಪುರದಿಂದಲೋ ಮಗನ ಮನೆಗೆ ಬಂದ ತಾಯಿಗೆ ಮರಾಠಿ ಬಾರದು, ಹಿಂದಿ ಅರ್ಧಂಬರ್ಧ. ಹಗಲೆಲ್ಲ ಮನೆಯಲ್ಲಿ ಇನ್ನಾರೂ ಇರುವುದಿಲ್ಲ. ಆಕೆ ಕನ್ನಡದಲ್ಲಿ ಮಾತನಾಡುವುದು ಬೆಕ್ಕಿನೊಡನೆ. ಬೆಕ್ಕು ಕಾಲಿಗೆ ಮೈ ಸವರಿದಾಗ ಒಂದು ತುತ್ತು ಮೊಸರನ್ನ ಹಾಕುವುದು ಆ ಮಾತಿನ ಮುಂದುವರಿಕೆ. ಉಣಿಸುವುದೇ ಪ್ರೀತಿಯೆಂದು ತಿಳಿದು ಒಂದು ಆಯುಷ್ಯವನ್ನು ಕಳೆದವರಿಗೆ ‘ಅಮ್ಮಾ, ಇನ್ನು ಹಾಕಬೇಡಿ’ ಎಂದರೆ ಆ ಮಾತು ಬೆಕ್ಕಿನ ವಿಷಯಕ್ಕಷ್ಟೇ ನಿಲ್ಲುವುದಿಲ್ಲ. ಹಾಗೆ ಹೇಳಿದ ಮನೆಗಳಲ್ಲಿ ಬೆಕ್ಕಿನ ತೂಕ ಇಳಿದದ್ದನ್ನು ನಾವು ಕಂಡಿಲ್ಲ. ತುತ್ತು ಗುಟ್ಟಾಗಿ ಸಾಗುತ್ತದೆ, ಅಷ್ಟೇ.

ಪೀಟರಿನ ಕಡತ ಇಲ್ಲಿ ದಾರಿ ತೋರಬಲ್ಲದು. ಪೆನ್ನಿಯನ್ನು ಮಂಜೂರು ಮಾಡಿದ ಅಧಿಕಾರಿ, ಬೆಕ್ಕಿನ ಜೊತೆ ದಿನವಿಡೀ ಇರುತ್ತಿದ್ದ ಕಚೇರಿಯ ಪಾಲಕನ ಕೈಗೇ ಅದನ್ನು ಕೊಟ್ಟ. ಬೆಳಗ್ಗೆ ತೂಗಿ ಡಬ್ಬಿಯಲ್ಲಿಟ್ಟ ಇಡೀ ದಿನದ ಪಾಲನ್ನು ಮನೆಯ ಹಿರಿಯರ ಕೈಗೆ ಒಪ್ಪಿಸಬಹುದು. ಹೊತ್ತು ಹೊತ್ತಿಗೆ ಕೊಡುವ ಅಧಿಕಾರ ಅವರದು ಮಾತ್ರ. ನಡುವೆ ಬೆಕ್ಕು ಬಂದು ಕೂಗಿದರೆ ಅದೇ ಡಬ್ಬಿಯಿಂದ ನಾಲ್ಕು ಕಾಳು. ಉಳಿದ ನಮಗೆಲ್ಲ ಗರಿ ಆಡಿಸುವ, ಮೈ ಬಾಚುವ ಕೆಲಸ. ಹದಿನೈದು ದಿನಕ್ಕೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಮ್ಮ ತೂಕವನ್ನು ಕಳೆದು, ಉಳಿದದ್ದನ್ನು ಕ್ಯಾಲೆಂಡರಿನಲ್ಲಿ ಬರೆದಿಡುವ ಗುಮಾಸ್ತಿಕೆಯನ್ನು ನೌಕರಿಯವರು ವಹಿಸಿಕೊಳ್ಳಬಹುದು. ಎರಡು ತೂಕಗಳ ನಡುವೆ ಇಳಿಕೆ ಅತಿ ವೇಗವಾಗಿ ಕಂಡರೆ ಭತ್ಯೆಯನ್ನು ಹೆಚ್ಚಿಸಬೇಕು. 1868ರ ಆದೇಶದಲ್ಲಿ ಅಂಥ ಕಲಮು ಇರಲಿಲ್ಲ, ನಮ್ಮದರಲ್ಲಿ ಇರಲಿ.